ಅಜ್ಜನ ಮಳೆ ಪುಸ್ತಕಕ್ಕೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ನಾನು ಸಿವಿಲ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಕಾಲೇಜ್ ಲ್ಯಾಬ್‌ನಲ್ಲಿ ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ ಇದೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಕೊಳ್ಳುವಷ್ಟು ದುಡ್ಡಿಲ್ಲ, ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಳ್ಳಲು ಮನಸ್ಸಿಲ್ಲ. ಆಕ್ಟೇವ್, ಸೈಲ್ಯಾಬ್, ಪೈಥಾನ್, ಜೂಲಿಯಾ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಕೊಡುವ ಉತ್ತರ ನಂಬಬಹುದಾ? ನಮ್ಮ ಅಜ್ಜ 1981ರಿಂದ ತೋಟದ ಮಳೆ ಲೆಕ್ಕವನ್ನು ದಿನಾ ಬರೆದಿಟ್ಟಿದ್ದಾರೆ. ತಿಂಗಳ ಕೊನೆಗೆ ಕೆಂಪು ಇಂಕಿನಲ್ಲಿ ಒಟ್ಟು ಹಾಕಿದ್ದಾರೆ. ಅದನ್ನೇ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಒಂದು ಪುಟದ ಫೋಟೊ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆಕ್ಟೇವ್ ಹಾಕಿಕೊಳ್ಳಿ. ನಿಮ್ಮ ಲ್ಯಾಬ್‌ನ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಅದರಲ್ಲಿ ಹಾಗೇ ಓಡುತ್ತವೆ. ಕೈ ಪಳಗಿದ ಮೇಲೆ, ಮಳೆ ಪುಸ್ತಕದ ದೊಡ್ಡ ಕೆಲಸಕ್ಕೆ, ಪೈಥಾನ್ ಕಡೆ ಬನ್ನಿ. ಸೈಲ್ಯಾಬ್ ಒಳ್ಳೆಯದೇ, ಆದರೆ ನಿಮ್ಮ ಕೆಲಸಕ್ಕೆ ಈಗ ಅದು ಬೇಕಾಗಿಲ್ಲ. ಜೂಲಿಯಾ ಮುಂದೆ ಎಂದಾದರೂ ನೋಡಿದರಾಯ್ತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನೀವು ಕೇಳಿದ "ನಂಬಬಹುದಾ" ಅನ್ನುವ ಪ್ರಶ್ನೆ ಬಹಳ ಮುಖ್ಯವಾದದ್ದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಾನು ಇದೇ ವಿಷಯ ಪಾಠ ಮಾಡಿದ್ದೇನೆ. ಯಾವ ಸಾಫ್ಟ್‌ವೇರ್ ಅಂತ ಕೇಳಿದವರು ನೂರಾರು ಮಂದಿ, ಅದು ಕೊಟ್ಟ ಉತ್ತರ ಸರಿಯಾ ಅಂತ ಕೇಳಿದವರು ಬೆರಳೆಣಿಕೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಪುಕ್ಕಟೆ ಅಂದಕೂಡಲೇ ಕಳಪೆ ಅನ್ನುವ ಅನುಮಾನ ಬರುವುದು ಸಹಜ. ಇಲ್ಲಿ ಆ ಅನುಮಾನ ಬೇಡ. ಮ್ಯಾಟ್‌ಲ್ಯಾಬ್ ಹುಟ್ಟಿದ್ದು ಹೇಗೆ ಗೊತ್ತಾ? 1970ರ ದಶಕದ ಕೊನೆಯಲ್ಲಿ ಕ್ಲೀವ್ ಮೋಲರ್ ಅನ್ನುವ ಮೇಷ್ಟ್ರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಅನ್ನುವ ಎರಡು ಗಟ್ಟಿಯಾದ ಪ್ರೋಗ್ರಾಂ ಸಂಗ್ರಹಗಳಿದ್ದವು, ಫೋರ್ಟ್ರಾನ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದವು. ಎರಡೂ ಎಲ್ಲರಿಗೂ ತೆರೆದಿಟ್ಟಂಥವು. ಫೋರ್ಟ್ರಾನ್ ಬರೆಯುವ ಕಷ್ಟವಿಲ್ಲದೆ ವಿದ್ಯಾರ್ಥಿಗಳು ಅವನ್ನು ಬಳಸಲಿ ಅಂತ ಮೋಲರ್ ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದೇ ಮ್ಯಾಟ್‌ಲ್ಯಾಬ್. ಕಂಪನಿ ಆಗಿದ್ದು ಆಮೇಲೆ, 1984ರಲ್ಲಿ.

ಮುಂದೆ ಆ ಎರಡು ಸಂಗ್ರಹಗಳ ಜಾಗಕ್ಕೆ 1992ರಲ್ಲಿ ಲ್ಯಾಪ್ಯಾಕ್ ಬಂತು. ಅದೂ ಮುಕ್ತ. ಇವತ್ತು ನೀವು ಆಕ್ಟೇವ್‌ನಲ್ಲಿ ಹತ್ತು ಸಮೀಕರಣ ಬಿಡಿಸಿ ಅಂದರೆ ಒಳಗೆ ಕೆಲಸ ಮಾಡುವುದು ಲ್ಯಾಪ್ಯಾಕ್. ಸೈಲ್ಯಾಬ್ ಒಳಗೂ ಅದೇ, ಪೈಥಾನ್‌ನ ಲೆಕ್ಕದ ಲೈಬ್ರರಿಗಳಾದ ನಮ್‌ಪೈ ಮತ್ತು ಸೈಪೈ ಒಳಗೂ ಅದೇ, ಜೂಲಿಯಾ ಒಳಗೂ ಅದೇ. ಮ್ಯಾಟ್‌ಲ್ಯಾಬ್ ಕೂಡ 2000ದಿಂದ ಲ್ಯಾಪ್ಯಾಕ್ ಮೇಲೆಯೇ ನಿಂತಿದೆ. ಈ ಬಗೆಯ ಸಂಗ್ರಹಗಳನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ ಜ್ಯಾಕ್ ಡೊಂಗಾರಾ ಅವರಿಗೆ 2021ರ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಂದರೆ ಅಡುಗೆಮನೆ ಒಂದೇ, ಬಡಿಸುವ ತಟ್ಟೆ ಬೇರೆ ಬೇರೆ.

ಮುಕ್ತ ಸಾಫ್ಟ್‌ವೇರಿಗೆ ಇನ್ನೊಂದು ಬಲ ಇದೆ. ಉತ್ತರ ಅನುಮಾನ ಹುಟ್ಟಿಸಿದರೆ ಸೋರ್ಸ್ ಕೋಡ್ ತೆರೆದು ನೋಡಬಹುದು. ಆಕ್ಟೇವ್‌ನಲ್ಲಿ ಅಂಕಿಗಳಿಗೆ ಹೊಂದುವ ಗೆರೆ ಹುಡುಕುವ 'ಪಾಲಿಫಿಟ್' ಹೇಗೆ ಲೆಕ್ಕ ಹಾಕುತ್ತದೆ ಅಂತ ಗೊತ್ತಾಗಬೇಕಾದರೆ 'ಟೈಪ್' ಅಂತ ಬರೆದು ಅದರ ಹೆಸರು ಕೊಡಿ, ಪೂರ್ತಿ ಪ್ರೋಗ್ರಾಂ ಪರದೆ ಮೇಲೆ ಬರುತ್ತದೆ. ಒಮ್ಮೆ ಮಾಡಿ ನೋಡಿ. ಪುಸ್ತಕದಲ್ಲಿ ಓದಿದ ಲೀಸ್ಟ್ ಸ್ಕ್ವೇರ್ಸ್ ಅಲ್ಲೇ ಕಣ್ಣೆದುರಿಗೆ ಇರುತ್ತದೆ.

ಆಕ್ಟೇವ್ ಹೆಸರಿನ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲರೂ ಅದು ಸಂಗೀತದ ಆಕ್ಟೇವ್ ಅಂದುಕೊಳ್ಳುತ್ತಾರೆ. ಅಲ್ಲ. ಆಕ್ಟೇವ್ ಲೆವೆನ್‌ಸ್ಪೀಲ್ ಅಂತ ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಒಬ್ಬರಿದ್ದರು. ಕೈಗೆ ಸಿಕ್ಕ ಲಕೋಟೆಯ ಹಿಂದೆ ನಾಲ್ಕು ಗೀಟು ಹಾಕಿ ಉತ್ತರ ಸುಮಾರು ಎಷ್ಟಿರಬಹುದು ಅಂತ ಥಟ್ಟನೆ ಹೇಳುವುದರಲ್ಲಿ ಅವರು ಹೆಸರುವಾಸಿ. ಅವರ ಶಿಷ್ಯ ಜಾನ್ ಈಟನ್ 1992ರಲ್ಲಿ ಈ ಸಾಫ್ಟ್‌ವೇರ್ ಬರೆಯಲು ಕೂತರು, 1994ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು, ಅದಕ್ಕೆ ಗುರುಗಳ ಹೆಸರು ಇಟ್ಟರು. ಕಂಪ್ಯೂಟರ್ ಸಾಫ್ಟ್‌ವೇರಿಗೆ ಕೈಲೆಕ್ಕದ ಮೇಷ್ಟ್ರ ಹೆಸರು! ನನಗೆ ಇದು ಬಹಳ ಇಷ್ಟ. ಮೊದಲು ಲಕೋಟೆ, ಆಮೇಲೆ ಕಂಪ್ಯೂಟರ್ ಅಂತ ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇದನ್ನು ಇಟ್ಟುಕೊಂಡೇ.

ನಮ್ಮ ತೋಟದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು? ಎಕರೆ ಅಂದರೆ ಸುಮಾರು 4047 ಚದರ ಮೀಟರ್. ಇಂಚು ಅಂದರೆ 25.4 ಮಿಲಿಮೀಟರ್. ಗುಣಿಸಿದರೆ 1 ಲಕ್ಷದ 3 ಸಾವಿರ ಲೀಟರ್ ಹತ್ತಿರ ಬರುತ್ತದೆ. 5000 ಲೀಟರಿನ ಟ್ಯಾಂಕರ್ ಇಪ್ಪತ್ತು. ಈ ಒಂದು ಅಂಕಿ ತಲೆಯಲ್ಲಿ ಇರಲಿ. ರೊಬಸ್ಟಾ ಕಾಫಿ ಹೂವಿಗೆ ಐದು ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್ ಹೊಡೆಯಲು ಎಷ್ಟು ನೀರು ಬೇಕು ಅಂತ ಪ್ರೋಗ್ರಾಂ ಬರೆದಿರಿ ಅಂದುಕೊಳ್ಳಿ. ಐದು ಲಕ್ಷ ಲೀಟರ್ ಅಂದರೆ ಸರಿ. ಐದು ಕೋಟಿ ಅಂದರೆ ಎಲ್ಲೋ ಯೂನಿಟ್ ತಪ್ಪಿದೆ. ಸಾಫ್ಟ್‌ವೇರ್ ಇದನ್ನು ಹೇಳುವುದಿಲ್ಲ. ಕೆರೆಯಲ್ಲಿ ನೀರು ಎಷ್ಟಿರುತ್ತದೆ ಅಂತ ಗೊತ್ತಿರುವ ನಿಮ್ಮ ಮನೆಯವರು ಹೇಳುತ್ತಾರೆ.

ಇನ್ನು ನೀವು ಕಳಿಸಿದ ಫೋಟೊಗೆ ಬರುತ್ತೇನೆ. 1994ರ ಜುಲೈ ಪುಟ. ಎಷ್ಟು ಚೆಂದದ ಅಕ್ಷರ ಅಜ್ಜನದು! ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ನಮ್ಮ ಕಡೆಯ ಎಲ್ಲಾ ತೋಟದ ಮನೆಗಳಂತೆ ಇಂಚು ಮತ್ತು ಸೆಂಟಿನಲ್ಲಿ ಬರೆದಿದ್ದಾರೆ. ನೂರು ಸೆಂಟಿಗೆ ಒಂದು ಇಂಚು. 11ನೇ ತಾರೀಕು 4-15. 12ಕ್ಕೆ 2-60. 13ಕ್ಕೆ 1-8. 14 ಮತ್ತು 15 ಖಾಲಿ. 16ರಲ್ಲಿ ಒಂದು ಅಡ್ಡ ಗೆರೆ. ಈ ಆರು ಸಾಲಿನಲ್ಲಿ ನಿಮ್ಮ ಇಡೀ ಪ್ರಾಜೆಕ್ಟನ್ನು ಹಾಳು ಮಾಡಬಲ್ಲ ಮೂರು ಗುಂಡಿಗಳಿವೆ. ಒಂದೊಂದಾಗಿ ತೋರಿಸುತ್ತೇನೆ.

13ನೇ ತಾರೀಕಿನ 1-8 ನೋಡಿ. ಒಂದು ಇಂಚು ಎಂಟು ಸೆಂಟು. ಅವಸರದಲ್ಲಿ ನೀವು 1.8 ಅಂತ ಟೈಪ್ ಮಾಡಿದರೆ ಅದು ಒಂದು ಇಂಚು ಎಂಬತ್ತು ಸೆಂಟು ಆಗಿಬಿಡುತ್ತದೆ. ಬರೆಯಬೇಕಾದದ್ದು 1.08. ಮಿಲಿಮೀಟರಿನಲ್ಲಿ ಹೇಳಬೇಕೆಂದರೆ 27.4 ಆಗಬೇಕಾದದ್ದು 45.7 ಆಗುತ್ತದೆ. ಪುಸ್ತಕದಲ್ಲಿ ಇದ್ದಂತೆ 1-8 ಅಂತಲೇ ಹೊಡೆದರೆ ಇನ್ನೊಂದು ತೊಂದರೆ. ಕೆಲವು ಸ್ಪ್ರೆಡ್‌ಶೀಟ್‌ಗಳು ಅದನ್ನು ಆಗಸ್ಟ್ 1 ಅಂತ ತಾರೀಕು ಮಾಡಿಕೊಳ್ಳುತ್ತವೆ. ಹಾಗಾಗಿ ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಇಡಿ. 1 ಒಂದು ಕಡೆ, 8 ಇನ್ನೊಂದು ಕಡೆ. ಕೂಡಿಸುವ ಕೆಲಸ ಕಂಪ್ಯೂಟರಿಗೆ ಬಿಡಿ. ತಾರೀಕಿಗೂ ಹಾಗೇ ವರ್ಷ, ತಿಂಗಳು, ದಿನ ಅಂತ ಮೂರು ಕಾಲಂ ಮಾಡಿ. ಬರೀ ಅಂಕಿಗಳಿದ್ದರೆ ಆಕ್ಟೇವ್‌ಗೆ ಓದಲು ಸಲೀಸು. ಟೈಪ್ ಮಾಡಲು ಲಿಬ್ರೆ ಆಫೀಸ್ ಸಾಕು, ಕೊನೆಗೆ ಸಿಎಸ್‌ವಿ ಆಗಿ, ಅಂದರೆ ಅಂಕಿಗಳ ನಡುವೆ ಅಲ್ಪವಿರಾಮ ಇರುವ ಸಾದಾ ಫೈಲ್ ಆಗಿ, ಸೇವ್ ಮಾಡಿ.

14 ಮತ್ತು 15ರ ಖಾಲಿ ಜಾಗ ಇದಕ್ಕಿಂತ ದೊಡ್ಡ ಗುಂಡಿ. ನಾಪೋಕ್ಲು ಕಡೆ ಜುಲೈ ಮಧ್ಯದಲ್ಲಿ ಎರಡು ದಿನ ಒಂದು ಹನಿಯೂ ಬೀಳಲಿಲ್ಲ ಅಂದರೆ ಯಾರು ನಂಬುತ್ತಾರೆ? ಅಜ್ಜ ಊರಲ್ಲಿ ಇರಲಿಲ್ಲವೋ, ಹುಷಾರಿರಲಿಲ್ಲವೋ, ಯಾರೂ ಅಳೆದಿಲ್ಲ ಅಷ್ಟೇ. ಆದರೆ ಆಕ್ಟೇವ್‌ನ 'ಸಿಎಸ್‌ವಿ ರೀಡ್' ಖಾಲಿ ಜಾಗ ಕಂಡರೆ ಸೊನ್ನೆ ತುಂಬುತ್ತದೆ. ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಅದನ್ನು ಮಾಡಿದವರು ಹಾಗೇ ಇಟ್ಟಿದ್ದಾರೆ, ಕೈಪಿಡಿಯಲ್ಲಿ ಬರೆದೂ ಇದ್ದಾರೆ. ನಾವು ಓದಿರುವುದಿಲ್ಲ. ಅದರ ಬದಲು 'ಡಿಎಲ್‌ಎಂ ರೀಡ್' ಬಳಸಿ, 'ಎಂಪ್ಟಿ ವ್ಯಾಲ್ಯೂ' ಅನ್ನುವ ಆಯ್ಕೆಗೆ 'ನ್ಯಾನ್' ಅಂತ ಕೊಡಿ. ನ್ಯಾನ್ ಅಂದರೆ ಸಂಖ್ಯೆ ಅಲ್ಲ ಅಂತ ಅರ್ಥ. ನಮ್ಮ ಭಾಷೆಯಲ್ಲಿ 'ಗೊತ್ತಿಲ್ಲ'. ಸೊನ್ನೆಗೂ ಗೊತ್ತಿಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಪ್ರಾಜೆಕ್ಟಿನ ಜೀವ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ತೋಟದ ಮನೆಯ ಮಳೆ ಲೆಕ್ಕವನ್ನು ನಾನೇ ಕೂತು ಕಂಪ್ಯೂಟರಿಗೆ ಹಾಕಿದೆ. ಚಿತ್ರ ತೆಗೆದು ನೋಡಿದರೆ 2018ರ ಆಗಸ್ಟ್ ಮಧ್ಯದಲ್ಲಿ ಒಂದು ವಾರ ಮಳೆಯೇ ಇಲ್ಲ! ಆ ವಾರ ಕೊಡಗಿನಲ್ಲಿ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಗುಡ್ಡಗಳು ಜರಿದವು, ರಸ್ತೆಗಳು ಹೋದವು, ಜನ ಮನೆ ಬಿಟ್ಟು ಶಿಬಿರ ಸೇರಿದರು. ಆ ಮನೆಯವರೂ ಹೊರಟಿದ್ದರು. ಮಳೆಮಾಪಕ ಅಂಗಳದಲ್ಲೇ ತುಂಬಿ ಚೆಲ್ಲಿತ್ತು, ಪುಸ್ತಕದ ಪುಟ ಖಾಲಿ ಉಳಿದಿತ್ತು. ಖಾಲಿ ಸೊನ್ನೆ ಆಯಿತು. ನಲವತ್ತು ವರ್ಷದಲ್ಲೇ ಅತಿ ಕೆಟ್ಟ ವಾರ ನನ್ನ ಚಿತ್ರದಲ್ಲಿ ಒಣ ವಾರವಾಗಿತ್ತು. ಆ ಮನೆಯ ಯಜಮಾನರಿಗೆ ಅದನ್ನು ತೋರಿಸುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ. ಅವತ್ತಿನಿಂದ ಯಾವ ಲೆಕ್ಕ ಕೈಗೆ ಬಂದರೂ ಮೊದಲು ನೋಡುವುದು ಖಾಲಿ ಜಾಗಗಳನ್ನೇ. ಮಳೆ ಜಾಸ್ತಿ ಬಂದ ದಿನವೇ ಅಳತೆ ತಪ್ಪುವುದು ಜಾಸ್ತಿ ಅಲ್ವಾ?

ಪೈಥಾನ್‌ಗೆ ಹೋದರೆ ಈ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿ 'ಪಾಂಡಾಸ್' ಅನ್ನುವ ಲೈಬ್ರರಿ ಖಾಲಿ ಜಾಗವನ್ನು ತಾನಾಗಿ ನ್ಯಾನ್ ಅಂತಲೇ ಇಟ್ಟುಕೊಳ್ಳುತ್ತದೆ, ಅದು ಒಳ್ಳೆಯದು. ಆದರೆ ತಿಂಗಳ ಮೊತ್ತ ಕೇಳಿದಾಗ ಆ ದಿನಗಳನ್ನು ಬಿಟ್ಟು ಉಳಿದದ್ದನ್ನು ಸುಮ್ನೆ ಕೂಡಿಸಿ ಕೊಡುತ್ತದೆ. ಹತ್ತು ದಿನದ ಲೆಕ್ಕವಿಲ್ಲದ ಜುಲೈ ಕೂಡ ಪೂರ್ತಿ ಜುಲೈಯಂತೆ ಕಾಣುತ್ತದೆ. ಆಕ್ಟೇವ್ ಇಲ್ಲಿ ಮೇಲು. ಒಂದು ನ್ಯಾನ್ ಇದ್ದರೂ ಮೊತ್ತ ನ್ಯಾನ್ ಅಂತಲೇ ಬರುತ್ತದೆ, ನೀವು ನಿಂತು ನೋಡಲೇಬೇಕಾಗುತ್ತದೆ. ಯಾವುದರಲ್ಲಿ ಮಾಡಿದರೂ ಪ್ರತಿ ತಿಂಗಳ ಮೊತ್ತದ ಪಕ್ಕದಲ್ಲಿ ಎಷ್ಟು ದಿನದ ಅಳತೆ ಇದೆ ಅನ್ನುವ ಇನ್ನೊಂದು ಕಾಲಂ ಇಡಿ.

ಇನ್ನು 16ರ ಅಡ್ಡ ಗೆರೆ. ಅದು ಮಳೆ ಇಲ್ಲ ಅಂತಲೋ, ಅಳೆದಿಲ್ಲ ಅಂತಲೋ? ಇದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಉತ್ತರ ಇಲ್ಲ. ಅಜ್ಜನನ್ನೇ ಕೇಳಿ. ಹಾಗೇ ಇನ್ನೊಂದು ಮಾತು ಕೇಳಿ: ಬೆಳಿಗ್ಗೆ ಎಂಟಕ್ಕೆ ಅಳೆದ ಮಳೆಯನ್ನು ಆ ದಿನದ ತಾರೀಕಿಗೆ ಬರೆಯುತ್ತಿದ್ದರಾ, ಹಿಂದಿನ ದಿನದ್ದಕ್ಕಾ? ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನಕ್ಕೇ ಬರೆಯುತ್ತಾರೆ. ಮನೆಗಳಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಮುಂದೆ ನೀವು ಇದನ್ನು ಹಾರಂಗಿ ಜಲಾಶಯದ ಒಳಹರಿವಿನ ಜೊತೆಗೋ ಇಲಾಖೆಯ ಲೆಕ್ಕದ ಜೊತೆಗೋ ಹೋಲಿಸಲು ಹೋದಾಗ ಒಂದು ದಿನ ಆಚೀಚೆ ಆದರೆ ಏನೂ ತಾಳೆಯಾಗುವುದಿಲ್ಲ.

ಅಜ್ಜ ಕೆಂಪು ಇಂಕಿನಲ್ಲಿ ಬರೆದ ತಿಂಗಳ ಮೊತ್ತ ಇದೆಯಲ್ಲ, ಅದು ನಿಮಗೆ ಸಿಕ್ಕ ನಿಧಿ. ನೀವು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಕೂಡಿಸಲಿ, ಅದು ಕೆಂಪು ಅಂಕಿಗೆ ಸರಿಹೊಂದುತ್ತದೆಯೋ ನೋಡಲಿ. 1981ರಿಂದ 2024ರ ತನಕ ಅಂದರೆ 44 ವರ್ಷ, 528 ತಿಂಗಳು. 528 ಸಲ ಪರೀಕ್ಷೆ ಮಾಡುವ ಅವಕಾಶವನ್ನು ಅಜ್ಜ ನಿಮಗೆ ಬರೆದು ಕೊಟ್ಟಿದ್ದಾರೆ. ದೊಡ್ಡ ಸಂಶೋಧಕರಿಗೂ ಇಂಥದ್ದು ಸಿಗುವುದು ಅಪರೂಪ.

ಆದರೆ ಹೋಲಿಸುವಾಗ ಒಂದು ವಿಚಿತ್ರ ಎದುರಾಗುತ್ತದೆ. ಎರಡೂ ಕಡೆ ಒಂದೇ ಅಂಕಿ ಕಾಣುತ್ತದೆ, ಆದರೂ ಆಕ್ಟೇವ್ 'ಸಮ ಅಲ್ಲ' ಅನ್ನುತ್ತದೆ. ಈಗಲೇ ಮಾಡಿ ನೋಡಬಹುದು: 0.1 + 0.2 - 0.3 ಎಷ್ಟು ಅಂತ ಕೇಳಿ. ಸೊನ್ನೆ ಬರುವುದಿಲ್ಲ. 5.55 ಗುಣಿಸು 10ರ ಮೈನಸ್ 17ನೇ ಘಾತ ಬರುತ್ತದೆ. ಸಾಫ್ಟ್‌ವೇರ್ ಪುಕ್ಕಟೆ ಅಂತ ಹೀಗಾಗಿದ್ದಲ್ಲ. ದುಡ್ಡು ಕೊಟ್ಟ ಮ್ಯಾಟ್‌ಲ್ಯಾಬಿನಲ್ಲೂ ಇದೇ ಉತ್ತರ. ಕಂಪ್ಯೂಟರ್ ಲೆಕ್ಕ ಇಟ್ಟುಕೊಳ್ಳುವುದು ಎರಡರ ಘಾತಗಳಲ್ಲಿ. ನಮಗೆ ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲು ಹೇಗೆ ಆಗುವುದಿಲ್ಲವೋ, ಅದಕ್ಕೆ ಹತ್ತನೇ ಒಂದು ಭಾಗ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 1985ರ ಐಇಇಇ 754 ಅನ್ನುವ ಮಾನಕದ ಪ್ರಕಾರ ಸುಮಾರು 16 ಅಂಕಿಯ ನಿಖರತೆ ಸಿಗುತ್ತದೆ, ಅದರಾಚೆಯದ್ದು ಹೋಯಿತು.

ಇಷ್ಟು ಸಣ್ಣ ಚೂರಿನಿಂದ ಏನಾಗುತ್ತದೆ ಅಂತ ಕೇಳಬಹುದು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ಸೌದಿ ಅರೇಬಿಯದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರು ಬಂದ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ನಡೆಯುತ್ತಿತ್ತು, ಆ 0.1ನ್ನು 24 ಬಿಟ್‌ಗೆ ಕತ್ತರಿಸಿದ್ದರು. ಸತತ ನೂರು ಗಂಟೆ ಓಡಿದಾಗ ಚೂರುಗಳೆಲ್ಲ ಸೇರಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಸಮಯ ತಪ್ಪಿತ್ತು. ಅಷ್ಟರಲ್ಲಿ ಆ ವೇಗದ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ದೂರ ಹೋಗಿರುತ್ತದೆ.

ನಿಮಗೆ ದಾರಿ ಸುಲಭ. ಇಂಚು, ಸೆಂಟಿನ ಎರಡು ಕಾಲಂ ಕೂಡಿಸುವಾಗ ಅಜ್ಜನ ಲೆಕ್ಕವನ್ನು ಸೆಂಟಿನಲ್ಲೇ ಇಡಿ. 1-8 ಅಂದರೆ 108, 4-15 ಅಂದರೆ 415. ಪೂರ್ಣಸಂಖ್ಯೆಗಳನ್ನು ಕೂಡಿಸುವಾಗ ಚೂರು ಉಳಿಯುವ ಪ್ರಶ್ನೆಯೇ ಇಲ್ಲ, ಹೋಲಿಕೆ ಕರಾರುವಾಕ್ಕಾಗಿ ಬರುತ್ತದೆ. ಮಿಲಿಮೀಟರಿಗೆ ಬದಲಾಯಿಸುವುದು ಕೊನೆಯ ಹೆಜ್ಜೆ ಆಗಿರಲಿ. ಪೂರ್ಣಸಂಖ್ಯೆ ಅಂದೆ ಅಂತ 'ಇಂಟ್ 8' ತರದ ಚಿಕ್ಕ ಡಬ್ಬಿಗಳಲ್ಲಿ ಹಾಕಬೇಡಿ. ಅದರಲ್ಲಿ 127ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ನೂರು ಸೆಂಟಿಗೆ ನೂರು ಸೆಂಟು ಕೂಡಿಸಿದರೆ ಆಕ್ಟೇವ್ 127ಕ್ಕೆ ನಿಲ್ಲಿಸುತ್ತದೆ. ನಮ್‌ಪೈ ಅರೇಯಲ್ಲಿ, ಅಂದರೆ ಅದರ ಅಂಕಿಗಳ ಪಟ್ಟಿಯಲ್ಲಿ, ಮಾಡಿದರೆ ಮೈನಸ್ 56 ಬರುತ್ತದೆ. ಎರಡೂ ಬಾಯಿ ಬಿಡುವುದಿಲ್ಲ. ಏನೂ ಹೇಳದೆ ಬಿಟ್ಟರೆ ಆಕ್ಟೇವ್ ತಾನಾಗಿ ದೊಡ್ಡ ಡಬ್ಬಿಯನ್ನೇ ತೆಗೆದುಕೊಳ್ಳುತ್ತದೆ, ಹಾಗೇ ಬಿಡಿ.

ಲೆಕ್ಕ ಶುದ್ಧವಾದ ಮೇಲೆ ಪ್ರಾಜೆಕ್ಟ್ ಏನು ಮಾಡುವುದು? ಎಲ್ಲರೂ ಮೊದಲು ಮಾಡುವುದು ವರ್ಷದ ಮಳೆಯ ಚಿತ್ರ ಬಿಡಿಸಿ ಅದರ ಮೇಲೆ ಐದನೇ ಘಾತದ ಗೆರೆ ಎಳೆಯುವುದು. ದಯವಿಟ್ಟು ಬೇಡ. ಆ ಗೆರೆಗೆ ಮಳೆ ಬಗ್ಗೆ ಏನೂ ಗೊತ್ತಿಲ್ಲ. ಲೆಕ್ಕದ ದೃಷ್ಟಿಯಿಂದಲೂ ಅದು ಅಪಾಯ. 1999ನ್ನು ಐದು ಸಲ ಬರೆದು ಗುಣಿಸಿ ನೋಡಿ, 17 ಅಂಕಿಯ ಸಂಖ್ಯೆ. ಕಂಪ್ಯೂಟರಿನ 16 ಅಂಕಿಯ ಚೀಲದಲ್ಲಿ ಅದು ಪೂರ್ತಿ ಕೂರುವುದಿಲ್ಲ. ಆ ಗೆರೆ ಹೊಂದಿಸಲು ಬಿಡಿಸಬೇಕಾದ ಮ್ಯಾಟ್ರಿಕ್ಸ್ ಎಷ್ಟು ಹದಗೆಡುತ್ತದೆ ಅಂದರೆ ಬಂದ ಉತ್ತರದಲ್ಲಿ ಒಂದು ಅಂಕಿಯನ್ನೂ ನಂಬಲಾಗದ ಸ್ಥಿತಿ ಬರಬಹುದು. ಆಕ್ಟೇವ್ ಇಂಥ ಕಡೆ ಹಳದಿ ಅಕ್ಷರದಲ್ಲೋ ಕೆಂಪಿನಲ್ಲೋ ಒಂದು ವಾರ್ನಿಂಗ್ ಕೊಡುತ್ತದೆ ಅಂತ ಕಾಯಬೇಡಿ, ಎಲ್ಲಾ ಸಲ ಕೊಡುವುದಿಲ್ಲ. ಬರೀ ನೇರ ಗೆರೆ ಎಳೆಯುವುದಾದರೂ ವರ್ಷಗಳಿಂದ ನಡುವಿನ ವರ್ಷವನ್ನು ಕಳೆದು, ಮೈನಸ್ 22ರಿಂದ ಪ್ಲಸ್ 22ರ ಆಸುಪಾಸಿನ ಅಂಕಿಗಳಲ್ಲಿ ಕೆಲಸ ಮಾಡಿ. ಒಂದೇ ಒಂದು ಕಳೆಯುವ ಲೆಕ್ಕ, ಎಷ್ಟೋ ತಲೆನೋವು ತಪ್ಪುತ್ತದೆ.

ಸಿವಿಲ್ ಓದುವ ನಿಮಗೆ ಒಳ್ಳೆಯ ಪ್ರಶ್ನೆ ಇದು: ನಿಮ್ಮ ತೋಟದಲ್ಲಿ ಒಂದೇ ದಿನಕ್ಕೆ ಬೀಳುವ ದೊಡ್ಡ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಪ್ರತಿ ವರ್ಷದ ಅತಿ ದೊಡ್ಡ ದಿನವನ್ನು ಹೆಕ್ಕಿ. 44 ಅಂಕಿ ಸಿಗುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಆಕ್ಟೇವ್‌ನಲ್ಲಿ 'ಸಾರ್ಟ್' ಬಳಸಿ ಅದಕ್ಕೆ 'ಡಿಸೆಂಡ್' ಅಂತ ಕೊಟ್ಟರಾಯ್ತು. ಹೈಡ್ರಾಲಜಿಯಲ್ಲಿ ಓದಿರುತ್ತೀರಿ, ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ ಸ್ಥಾನದಿಂದ ಭಾಗಿಸಿದರೆ ಮರುಕಳಿಕೆ ಅವಧಿ. ಮೊದಲ ಸ್ಥಾನದ್ದಕ್ಕೆ 45 ವರ್ಷ, ಎರಡನೆಯದಕ್ಕೆ 22.5 ವರ್ಷ. ತೋಟದ ಚರಂಡಿ, ಮೋರಿ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ಇದರಿಂದ ನೇರ ದಾರಿ. ಆಮೇಲೆ ಅತಿ ದೊಡ್ಡ ಮಳೆಗಳ ಸಂಭವ ಅಂದಾಜಿಸುವ ಗಂಬೆಲ್ ಹಂಚಿಕೆ ಹೊಂದಿಸಲು ಸೈಪೈಯಲ್ಲಿ ಸಿದ್ಧ ಸಲಕರಣೆ ಇದೆ. ಪೈಥಾನ್ ಕಲಿಯಲು ಅದೇ ನೆಪವಾಗಲಿ. ಆದರೆ 44 ವರ್ಷದ ಪುಸ್ತಕ ಹಿಡಿದು 500 ವರ್ಷದ ಮಳೆ ಹೇಳಲು ಹೋಗಬೇಡಿ. ಹಾಗೇ ಇದು ನಿಮ್ಮ ತೋಟದ ಲೆಕ್ಕ ಮಾತ್ರ ಅಂತ ವರದಿಯಲ್ಲಿ ಬರೆಯಿರಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಂತರ ನಿಮಗೇ ಗೊತ್ತು.

ಇನ್ನು ಬೇರೆ ಸಾಫ್ಟ್‌ವೇರ್‌ಗಳ ಬಗ್ಗೆ ಚುಟುಕಾಗಿ. ಸೈಲ್ಯಾಬ್ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಕಡೆಯಿಂದ ಬಂದದ್ದು. ಬಾಂಬೆ ಐಐಟಿಯಲ್ಲಿ ಮುಕ್ತ ಸಾಫ್ಟ್‌ವೇರ್ ಬಳಕೆ ಬೆಳೆಸುವ ಫಾಸ್ಸಿ ಯೋಜನೆಯವರು ಅದಕ್ಕಾಗಿ ಬಹಳ ದುಡಿದಿದ್ದಾರೆ, ನಮ್ಮ ಪಠ್ಯಪುಸ್ತಕಗಳ ಲೆಕ್ಕಗಳನ್ನು ಸೈಲ್ಯಾಬಿನಲ್ಲಿ ಬಿಡಿಸಿ ಇಟ್ಟಿದ್ದಾರೆ. ಅಲ್ಲಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಕನ್ನಡದಲ್ಲೂ ಕೇಳಬಹುದು. ಅದರ ಎಕ್ಸ್‌ಕಾಸ್ ಅನ್ನುವ ಭಾಗದಲ್ಲಿ ಚೌಕಗಳನ್ನು ಜೋಡಿಸಿ ಮಾದರಿ ಕಟ್ಟಬಹುದು, ಅದು ಆಕ್ಟೇವ್‌ನಲ್ಲಿ ಇಲ್ಲ. ಎಲೆಕ್ಟ್ರಿಕಲ್‌ನವರೋ ಕಂಟ್ರೋಲ್ ಓದುವವರೋ ಕೇಳಿದ್ದರೆ ನಾನು ಸೈಲ್ಯಾಬ್ ಅಂತಲೇ ಹೇಳುತ್ತಿದ್ದೆ. ಅದರ ಭಾಷೆ ಮ್ಯಾಟ್‌ಲ್ಯಾಬಿನಂತೆ ಕಂಡರೂ ಪೂರ್ತಿ ಅದೇ ಅಲ್ಲ. ಪೈ ಬೇಕಾದರೆ ಅದರ ಮೊದಲು % ಹಾಕಬೇಕು, ಟಿಪ್ಪಣಿಗೆ // ಬೇಕು. ಲ್ಯಾಬ್ ಪ್ರೋಗ್ರಾಂ ತಂದು ಹಾಕಿದರೆ ಓಡುವುದಿಲ್ಲ. ಜೂಲಿಯಾ 2012ರಲ್ಲಿ ಹೊರಬಂತು, ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು ವಿರಲ್ ಶಾ. ವೇಗ ಬೇಕಾದ ದೊಡ್ಡ ಲೆಕ್ಕಕ್ಕೆ ಅದು ಸೊಗಸು. 44 ವರ್ಷದ ದಿನಲೆಕ್ಕ ಅಂದರೆ 16 ಸಾವಿರ ಸಾಲು. ಅದಕ್ಕೆ ಆ ವೇಗ ಬೇಕಿಲ್ಲ.

ಆಕ್ಟೇವ್‌ನಿಂದ ಪೈಥಾನ್‌ಗೆ ಬರುವಾಗ ಕಾಲು ಎಡವುವ ಜಾಗ ಎರಡು. ಆಕ್ಟೇವ್ ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ. ಇದು ಬೇಗ ಗೊತ್ತಾಗುತ್ತದೆ. ಇನ್ನೊಂದು ಗೊತ್ತಾಗುವುದಿಲ್ಲ: ನಮ್‌ಪೈ ಅರೇಯಿಂದ ಜುಲೈ ತಿಂಗಳ ತುಂಡನ್ನು ಕತ್ತರಿಸಿ ಬೇರೆ ಹೆಸರು ಕೊಟ್ಟು, ಆ ತುಂಡಿನಲ್ಲಿ ಒಂದು ಅಂಕಿ ತಿದ್ದಿದರೆ ಮೂಲದಲ್ಲೂ ತಿದ್ದಿಹೋಗುತ್ತದೆ. ಅದು ನಕಲು ಅಲ್ಲ, ಅದೇ ಜಾಗಕ್ಕೆ ತೆರೆದ ಇನ್ನೊಂದು ಕಿಟಕಿ. ಆಕ್ಟೇವ್‌ನಲ್ಲಿ ಹಾಗಾಗುವುದಿಲ್ಲ. ನಮ್‌ಪೈಯಲ್ಲಿ ಬೇರೆ ಪ್ರತಿ ಬೇಕಾದರೆ 'ಕಾಪಿ' ಅಂತ ಹೇಳಿಯೇ ಮಾಡಬೇಕು.

ಮ್ಯಾಟ್‌ಲ್ಯಾಬ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಕಾರು, ವಿಮಾನದ ಕಂಪನಿಗಳಲ್ಲಿ ಅದರ ಮಾದರಿ ಕಟ್ಟುವ ಭಾಗವಾದ ಸಿಮುಲಿಂಕ್ ಮೇಲೆ ದೊಡ್ಡ ಕೆಲಸಗಳು ನಡೆಯುತ್ತವೆ. ಮುಂದೆ ಅಂಥ ಕಡೆ ಸೇರಿದರೆ ಆಕ್ಟೇವ್ ಬಲ್ಲ ನಿಮಗೆ ಅದು ಹೊಸ ಭಾಷೆ ಆಗಿರುವುದಿಲ್ಲ. ಕ್ರ್ಯಾಕ್ ಬೇಡ ಅಂದಿರಲ್ಲ, ಆ ಮಾತಿಗೆ ಬೆನ್ನು ತಟ್ಟಬೇಕು ಅನ್ನಿಸಿತು. ಆಕ್ಟೇವ್ ಅನ್ನು ಹತ್ತು ಜನ ಗೆಳತಿಯರಿಗೆ ಪೆನ್‌ಡ್ರೈವ್‌ನಲ್ಲಿ ಹಂಚಿ, ಅದರ ಲೈಸೆನ್ಸ್ ಇರುವುದೇ ಹಂಚಿಕೊಳ್ಳಲಿ ಅಂತ.

ಕರೆಂಟ್ ಮತ್ತು ನೆಟ್‌ನ ಮಾತು. ಮಳೆಗಾಲ ಹಿಡಿಯುವ ಮೊದಲು, ಮಡಿಕೇರಿಗೋ ಕಾಲೇಜಿಗೋ ಹೋದಾಗ, ಆಕ್ಟೇವ್‌ನ ಪೂರ್ತಿ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ವಿಂಡೋಸ್‌ನದ್ದರಲ್ಲಿ ಬೇಕಾದ ಪ್ಯಾಕೇಜ್‌ಗಳು ಹೆಚ್ಚಿನವು ಒಳಗೇ ಬರುತ್ತವೆ. ಆದರೆ ಪ್ರತಿ ಸಲ ತೆರೆದಾಗ 'ಪಿಕೆಜಿ ಲೋಡ್' ಅಂತ ಹೇಳಿ ಎಬ್ಬಿಸಬೇಕು. ಇದನ್ನು ಮರೆತು ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬಂದ ಮಕ್ಕಳು ಎಷ್ಟೋ. ಕೈಪಿಡಿ ಒಳಗೇ ಇರುತ್ತದೆ, 'ಹೆಲ್ಪ್' ಅಂತ ಬರೆದು ಹೆಸರು ಕೊಟ್ಟರೆ ನೆಟ್ ಇಲ್ಲದೆಯೂ ಬರುತ್ತದೆ. ನೆಟ್ ಮೂಲಕ ಬ್ರೌಸರಿನಲ್ಲಿ ಓಡುವ ನೋಟ್‌ಬುಕ್‌ಗಳನ್ನು ನೆಚ್ಚಿಕೊಳ್ಳಬೇಡಿ, ಕಕ್ಕಡ ತಿಂಗಳ ಮಳೆಯಲ್ಲಿ ಅವು ಕೈ ಕೊಡುತ್ತವೆ. ಆಜ್ಞೆಗಳನ್ನು ಕಿಟಕಿಯಲ್ಲಿ ಒಂದೊಂದಾಗಿ ಹೊಡೆಯುವ ಬದಲು ಫೈಲಿನಲ್ಲಿ ಬರೆದು ಓಡಿಸಿ. ಲ್ಯಾಪ್‌ಟಾಪ್ ಆರಿದರೂ ಕೆಲಸ ಉಳಿಯುತ್ತದೆ, ನಾಳೆ ನಿಮ್ಮ ಗೈಡ್ ಕೇಳಿದಾಗ ಪ್ರತಿ ಹೆಜ್ಜೆಯನ್ನೂ ತೋರಿಸಬಹುದು. ಪುಸ್ತಕದ ಪುಟಗಳನ್ನೆಲ್ಲ ಫೋಟೊ ತೆಗೆದು ಎರಡು ಕಡೆ ಇಡಿ. ನಮ್ಮ ಮನೆಗಳ ತೇವಕ್ಕೆ ಕಾಗದ ಎಷ್ಟು ದಿನ ತಡೆಯುತ್ತದೆ ಹೇಳಿ?

ಈಗ ಶುರು ಮಾಡುವ ಬಗೆ. ಈ ಭಾನುವಾರ ಒಂದೇ ಒಂದು ತಿಂಗಳು ತೆಗೆದುಕೊಳ್ಳಿ. 2018ರ ಆಗಸ್ಟ್ ಬೇಡ, ಯಾವುದಾದರೂ ಸಾದಾ ಜೂನ್. 30 ಸಾಲು ಟೈಪ್ ಮಾಡಿ, ಸೆಂಟಿನಲ್ಲಿ ಕೂಡಿಸಿ, ಕೆಂಪು ಅಂಕಿಯ ಪಕ್ಕ ಇಟ್ಟು ನೋಡಿ. ಸರಿ ಬಂದರೆ ಜುಲೈಗೆ ಹೋಗಿ. ಬರದಿದ್ದರೆ ಪುಸ್ತಕ ಹಿಡಿದು ಅಜ್ಜನ ಪಕ್ಕ ಕೂತು ಒಂದೊಂದೇ ಸಾಲು ಅವರ ಬಾಯಲ್ಲೇ ಓದಿಸಿ. ಹೇಗೂ ಅಡ್ಡ ಗೆರೆಯ ಅರ್ಥ ಕೇಳುವುದಿದೆಯಲ್ಲ.